ಯುಗಾದಿಗೆ ಇಪ್ಪತ್ತೆರಡು ಎಲೆ, ಮೂರೇ ಒಲೆ: ಪಟ್ಟಿಯಿಂದ ಯಾವುದನ್ನು ತೆಗೆಯಲಿ?

ನೆಲ್ಲಿಕಾಯಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೈಸೂರಿನಲ್ಲಿ. ತವರು ಗದಗ. ಮದುವೆಯಾಗಿ ಒಂಬತ್ತು ವರ್ಷವಾದರೂ ಇಲ್ಲಿಯವರೆಗೆ ಹಬ್ಬದ ಅಡುಗೆಯ ಯಜಮಾನಿಕೆ ಅತ್ತೆಯದೇ ಆಗಿತ್ತು. ನಾನು ಕಾಯಿ ತುರಿಯುವವಳು, ಹಪ್ಪಳ ಕರಿಯುವವಳು, ಅಷ್ಟೇ. ಮೂರು ವಾರದ ಹಿಂದೆ ಅತ್ತೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ, ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಹಾಗಾಗಿ 2026ರ ಯುಗಾದಿ ನನ್ನ ತಲೆಯ ಮೇಲೆ ಬಂದಿದೆ. ಹಬ್ಬ ಗುರುವಾರ, ಬುಧವಾರ ಸಂಜೆ ಆರರವರೆಗೆ ನನಗೆ ಕಚೇರಿ ಇದೆ.

ಊಟಕ್ಕೆ ಇಪ್ಪತ್ತೆರಡು ಜನ: ದೊಡ್ಡವರು ಹದಿನೇಳು, ಮಕ್ಕಳು ಐದು. ಅತ್ತೆ ಮಂಚದ ಮೇಲೆ ಕುಳಿತೇ ಪಟ್ಟಿ ಹೇಳಿದರು, ನಾನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡೆ. ಬೇವು-ಬೆಲ್ಲ, ಹೆಸರುಬೇಳೆ ಕೋಸಂಬರಿ, ಕಡಲೆಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಆಲೂಗಡ್ಡೆ ಪಲ್ಯ, ಅನಾನಸ್ ಗೊಜ್ಜು, ಹಪ್ಪಳ, ಸಂಡಿಗೆ, ಆಂಬೊಡೆ, ಮಾವಿನಕಾಯಿ ಚಿತ್ರಾನ್ನ, ತೊವ್ವೆ, ಅನ್ನ, ಒಬ್ಬಟ್ಟಿನ ಸಾರು, ಹುಳಿ, ಮಜ್ಜಿಗೆ ಹುಳಿ, ಹೆಸರುಬೇಳೆ ಪಾಯಸ, ಒಬ್ಬಟ್ಟು, ಮೊಸರನ್ನ, ಉಪ್ಪಿನಕಾಯಿ. ಎಣಿಸಿದರೆ ಹತ್ತೊಂಬತ್ತು. ಮನೆಯಲ್ಲಿರುವುದು ಮೂರು ಒಲೆ, ಎರಡು ಕುಕ್ಕರ್, ಒಂದು ಮಿಕ್ಸಿ, ಒಬ್ಬ ಗಂಡ.

ಸಾಲದ್ದಕ್ಕೆ ಈ ಸಲ ನನ್ನ ಅಮ್ಮನೂ ಗದಗದಿಂದ ಬರುತ್ತಿದ್ದಾಳೆ. ಅವಳಿಗೆ ಕಡಲೆಬೇಳೆಯ ಹೂರಣದ ಹೋಳಿಗೆಯೇ ಹೋಳಿಗೆ. ಅತ್ತೆಗೆ ತೊಗರಿಬೇಳೆಯ ಒಬ್ಬಟ್ಟಲ್ಲದೆ ಬೇರೆ ಯಾವುದೂ ಎಲೆಗೆ ಬೀಳಬಾರದು. ಯಾವುದನ್ನು ತೆಗೆಯಲಿ, ಯಾವುದನ್ನು ಮೊದಲೇ ಮಾಡಿಡಲಿ? ಅನುಭವಸ್ಥರು ಹೇಳಿ.

ಚಕ್ಕುಲಿಶಾಸ್ತ್ರಿ:
ಒಬ್ಬಟ್ಟಿರುವಾಗ ಪಾಯಸ ಯಾಕೆ? ಮೊದಲು ಅದನ್ನು ತೆಗೆಯಿರಿ.

ಕಾವೇರಿತೀರ:
ಪಾಯಸ ತೆಗೆಯಬೇಡಿ. ನಮ್ಮ ಕಡೆ ಎಲೆಯ ತುದಿಗೆ ಒಂದು ಸೌಟು ಪಾಯಸ ಬಿದ್ದ ಮೇಲೆಯೇ ಊಟ ಶುರು. ಹೆಚ್ಚು ಮಾಡಬೇಕಾಗಿಲ್ಲ, ಬಾಯಿ ಸಿಹಿಗೆ ಎನ್ನುವಷ್ಟು ಸಾಕು. ಕಾಲು ಕಿಲೋ ಹೆಸರುಬೇಳೆ ಹುರಿದು ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿದರೆ ಮುಗಿಯಿತು. ತೆಗೆಯಬೇಕಾದದ್ದು ಎರಡನೆಯ ಕೋಸಂಬರಿ. ಅದನ್ನು ಯಾರೂ ಕೇಳುವುದಿಲ್ಲ.

ಸೌಟು:
ನಮ್ಮ ತಂದೆ ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವರು. ಅವರ ಕೈಕೆಳಗೆ ನಾನು ಹತ್ತು ವರ್ಷ ಬಡಿಸಿದ್ದೇನೆ. ಆ ಸಲುಗೆಯಲ್ಲಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಪದಾರ್ಥ ಎಣಿಸುತ್ತಿದ್ದೀರಿ. ಎಣಿಸಬೇಕಾದದ್ದು ಒಲೆಯನ್ನು.

ಲೆಕ್ಕ ನೋಡಿ. ದೊಡ್ಡವರು ಹದಿನೇಳು, ತಲೆಗೆ ಮೂರು ಒಬ್ಬಟ್ಟು: ಐವತ್ತೊಂದು. ಮಕ್ಕಳಿಗೆ ಒಂದೊಂದು: ಐದು. ಹೋಗುವಾಗ ಕಟ್ಟಿಕೊಡಲು ಹತ್ತು. ಒಟ್ಟು ಅರವತ್ತಾರು. ಒಂದು ಒಬ್ಬಟ್ಟು ಎರಡೂ ಬದಿ ಬೇಯಲು ಎರಡು ನಿಮಿಷ ಎಂದರೂ ಒಂದು ಕಾವಲಿಯ ಮೇಲೆ ಎರಡು ಗಂಟೆ ಹನ್ನೆರಡು ನಿಮಿಷ. ಅಂದರೆ ನಿಮ್ಮ ಮೂರು ಒಲೆಯಲ್ಲಿ ಒಂದು ಇಡೀ ಬೆಳಗ್ಗೆ ಒಬ್ಬಟ್ಟಿನ ಪಾಲು. ಉಳಿದ ಎರಡರಲ್ಲಿ ಹದಿನೆಂಟು ಪದಾರ್ಥ ಹೇಗೆ ಏಳುತ್ತವೆ? ಯಾರಿಂದಲಾದರೂ ಒಂದು ಒಂಟಿ ಒಲೆ, ಇಲ್ಲವೇ ಇಂಡಕ್ಷನ್ ಒಲೆ ಎರವಲು ತನ್ನಿ. ಅದು ಅನ್ನಕ್ಕೂ ಕುಕ್ಕರಿಗೂ ಇರಲಿ. ಕಾವಲಿ ಮಾತ್ರ ಗ್ಯಾಸಿನ ಮೇಲೆಯೇ ಇರಬೇಕು.

ಒಬ್ಬಟ್ಟು ಬಿಸಿಬಿಸಿಯಾಗಿ ಎಲೆಗೆ ಬೀಳಬೇಕೆಂಬ ಹಟ ಬೇಡ. ಬೆಳಿಗ್ಗೆ ಏಳಕ್ಕೆ ಕುಳಿತು ಮುಗಿಸಿ, ತೆಳು ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಂದೊಂದನ್ನೇ ಆರಿಸಿ ಜೋಡಿಸಿಡಿ. ಬಿಸಿಯಿದ್ದಾಗಲೇ ಒಂದರ ಮೇಲೊಂದು ಪೇರಿಸಿದರೆ ಬೆವರಿ ಅಂಟಿಕೊಳ್ಳುತ್ತವೆ. ಬಡಿಸುವಾಗ ತುಪ್ಪ ಬಿಸಿಯಿದ್ದರೆ ಸಾಕು, ಒಬ್ಬಟ್ಟು ಆರಿದ್ದರ ದೂರು ಬರುವುದಿಲ್ಲ. ಬಿಸಿಯಾಗಿಯೇ ಬೀಳಬೇಕಾದದ್ದು ಆಂಬೊಡೆ. ಅದನ್ನು ಪಂಕ್ತಿ ಕುಳಿತ ಮೇಲೆ ಕರಿಯಿರಿ.

ಇನ್ನೊಂದು ಮಾತು. ಎಲೆಯ ಮೇಲೆ ಹದಿನೆಂಟು ಬಗೆ ಇದ್ದಾಗ ಯಾರೂ ಯಾವುದನ್ನೂ ಹೊಟ್ಟೆ ತುಂಬ ತಿನ್ನುವುದಿಲ್ಲ. ಮನೆಯವರು ತಪ್ಪುವುದು ಇಲ್ಲಿಯೇ, ಪ್ರತಿಯೊಂದನ್ನೂ ಅದೊಂದೇ ಊಟವೆಂಬಂತೆ ಮಾಡುತ್ತಾರೆ. ಇಪ್ಪತ್ತೆರಡು ಜನಕ್ಕೆ ಚಿತ್ರಾನ್ನಕ್ಕೆ ಮುಕ್ಕಾಲು ಕಿಲೋ ಅಕ್ಕಿ, ಬಿಳಿ ಅನ್ನಕ್ಕೆ ಒಂದೂವರೆ ಕಿಲೋ, ತೊವ್ವೆಗೆ ಅರ್ಧ ಕಿಲೋ ಬೇಳೆ, ಕೋಸಂಬರಿಗೆ ಮುನ್ನೂರು ಗ್ರಾಂ, ಪಲ್ಯಕ್ಕೆ ಒಂದೂವರೆ ಕಿಲೋ ಹುರುಳಿಕಾಯಿ. ಇದಕ್ಕಿಂತ ಹೆಚ್ಚು ಮಾಡಿದರೆ ರಾತ್ರಿ ನೀವೇ ತಿನ್ನಬೇಕು.

ನೆಲ್ಲಿಕಾಯಿ:
ಸೌಟು ಅವರೇ, ಎರಡು ಗಂಟೆ ಹನ್ನೆರಡು ನಿಮಿಷ ಎಂದು ಓದಿ ಎದೆ ಧಸಕ್ಕೆಂದಿತು. ಪಕ್ಕದ ಮನೆಯವರು ಇಂಡಕ್ಷನ್ ಒಲೆ ಕೊಡುತ್ತಾರಂತೆ. ಆದರೆ ಬೇಳೆಯ ಜಗಳ ಬಗೆಹರಿದಿಲ್ಲ. ತೊಗರಿಯೋ ಕಡಲೆಯೋ?

ಮಲಪ್ರಭೆ:
ಕಡಲೆಬೇಳೆ. ಇದರಲ್ಲಿ ಕೇಳುವುದೇನಿದೆ? ಹೂರಣ ಹರಳು ಹರಳಾಗಿ, ಹಿಡಿದರೆ ಉಂಡೆಯಾಗಿ ನಿಲ್ಲುವುದು ಕಡಲೆಬೇಳೆಯದೇ. ಮೇಲಿನ ಕಣಕಕ್ಕೆ ಗೋಧಿ ಹಿಟ್ಟು, ಲಟ್ಟಣಿಗೆಯಿಂದ ಲಟ್ಟಿಸಿ ಕಾಗದದಂತೆ ಮಾಡಬೇಕು. ನಿಮ್ಮ ಮೈಸೂರು ಕಡೆಯವರು ಮೈದಾ ಎಣ್ಣೆಯಲ್ಲಿ ನೆನೆಸಿ ಬೆರಳಲ್ಲಿ ತಟ್ಟುತ್ತಾರೆ. ತಿಂದ ಮೇಲೆ ಕೈ ತೊಳೆಯಲು ಸಾಬೂನು ಬೇಕು.

ದೇವರಾಜಪೇಟೆ:
ಸಾಬೂನು ಬೇಕಾದದ್ದು ಒಬ್ಬಟ್ಟಿನ ದೋಷವಲ್ಲ, ತುಪ್ಪದ ಧಾರಾಳ. ಚಿರೋಟಿ ರವೆಗೆ ಸ್ವಲ್ಪ ಮೈದಾ, ಅರಿಸಿನ ಸೇರಿಸಿ, ಮೂರು ಗಂಟೆ ಎಣ್ಣೆಯಲ್ಲಿ ನೆಂದ ಕಣಕ ರಬ್ಬರಿನಂತೆ ಎಳೆಯುತ್ತದೆ. ಬಾಳೆ ಎಲೆಯ ಮೇಲೆ ತಟ್ಟಿದರೆ ಹೂರಣ ಅಂಚಿನವರೆಗೂ ಓಡುತ್ತದೆ. ಲಟ್ಟಣಿಗೆ ಹಾಕಿದರೆ ಅದು ಸಿಹಿ ಚಪಾತಿ. ತೊಗರಿಬೇಳೆಯ ಹೂರಣಕ್ಕೆ ಒಂದು ಹಿಡಿ ಕಾಯಿತುರಿ, ಏಲಕ್ಕಿ ಬಿದ್ದರೆ ಬರುವ ಮೆದು ಕಡಲೆಬೇಳೆಗೆ ಜನ್ಮದಲ್ಲಿ ಬರುವುದಿಲ್ಲ.

ಮಲಪ್ರಭೆ:
ಮೆದು ಬೇಕಾದರೆ ಸಜ್ಜಿಗೆ ತಿನ್ನಿ. ಹೋಳಿಗೆಗೆ ಹಲ್ಲಿಗೆ ಸಿಗುವ ಹದ ಇರಬೇಕು. ಅಂದಹಾಗೆ, ನಮ್ಮ ಕಡೆ ಹೋಳಿಗೆಯ ಜೊತೆ ಬಟ್ಟಲು ತುಂಬ ಹಾಲು, ಅದರ ಮೇಲೆ ತುಪ್ಪ. ನೀವು ಅದಕ್ಕೂ ಚಮಚದ ಲೆಕ್ಕ ಇಡುತ್ತೀರಿ.

ತೆಂಗಿನಗರಿ:
ತುಮಕೂರಿನವನು ನಾನು, ಎರಡೂ ಕಡೆಯ ಗಾಳಿ ಬೀಸುವ ಜಾಗ. ನೆಲ್ಲಿಕಾಯಿ ಅವರೇ, ಎರಡನ್ನೂ ಮಾಡಿ. ಒಂದು ಕಿಲೋ ಬೇಳೆಗೆ ನಿಂಬೆಹಣ್ಣಿನ ಗಾತ್ರದ ಉಂಡೆ ಹೆಚ್ಚುಕಡಿಮೆ ಐವತ್ತು ಬರುತ್ತವೆ. ಮುಕ್ಕಾಲು ಕಿಲೋ ತೊಗರಿ, ಅರ್ಧ ಕಿಲೋ ಕಡಲೆ ಹಾಕಿದರೆ ಅರವತ್ತೆರಡು, ಅರವತ್ಮೂರು ಆಗುತ್ತದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಮಾತ್ರ ಬೇಯಿಸಬೇಡಿ, ಕಡಲೆ ಬೇಯುವಷ್ಟರಲ್ಲಿ ತೊಗರಿ ಕರಗಿ ಹೋಗಿರುತ್ತದೆ. ಬೇರೆ ಬೇರೆ ಬೇಯಿಸಿ, ಕಟ್ಟು ಮಾತ್ರ ಸೇರಿಸಿ. ಎರಡು ಬೇಳೆಯ ಕಟ್ಟು ಕೂಡಿದ ಸಾರು ಹೇಗಿರುತ್ತದೆಂದು ತಿಂದವರಿಗೇ ಗೊತ್ತು.

ಬೀಗರೂಟ:
ಒಬ್ಬಟ್ಟಿನ ಸಾರಿಗೆ ಬೆಳ್ಳುಳ್ಳಿ, ಈರುಳ್ಳಿ ಹುರಿದು ರುಬ್ಬಿ ಹಾಕಿ. ಮಂಡ್ಯದಲ್ಲಿ ಹಾಗೆಯೇ ಮಾಡುವುದು. ಹಾಗೆ ಮಾಡಿದ ಸಾರಿನ ವಾಸನೆಗೆ ಬೀದಿಯ ಕೊನೆಯ ಮನೆಯವರೂ ಬರುತ್ತಾರೆ.

ದೇವರಾಜಪೇಟೆ:
ಹಬ್ಬದ ದಿನ ದೇವರಿಗೆ ನೈವೇದ್ಯ ಮಾಡುವ ಸಾರಿಗೆ ಬೆಳ್ಳುಳ್ಳಿಯೇ?

ಬೀಗರೂಟ:
ನಮ್ಮ ದೇವರು ಬೇಡವೆಂದದ್ದಿಲ್ಲ. ಅದಿರಲಿ, ಯಾರೂ ಹೊಸತೊಡಕಿನ ಮಾತೇ ಎತ್ತಿಲ್ಲವಲ್ಲ. ನಮ್ಮ ಕಡೆ ಯುಗಾದಿ ಎಂದರೆ ಎರಡು ದಿನ. ಮೊದಲ ದಿನ ಎಣ್ಣೆಸ್ನಾನ, ಹೊನ್ನಾರು ಎಂಬ ವರ್ಷದ ಮೊದಲ ಉಳುಮೆ, ಒಬ್ಬಟ್ಟು. ಎರಡನೆಯ ದಿನ ಬಾಡೂಟ. ಊರವರು ಸೇರಿ ಮರಿ ತಂದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅದಕ್ಕೆಂದೇ ವರ್ಷವಿಡೀ ಚೀಟಿ ಕಟ್ಟುವವರಿದ್ದಾರೆ. 2025ರಲ್ಲಿ ಯುಗಾದಿ ಭಾನುವಾರ, ಹೊಸತೊಡಕು ಸೋಮವಾರ ಬಂತು. ಸೋಮವಾರ ತಿನ್ನದವರು ನಮ್ಮ ಮನೆಯಲ್ಲೇ ಮೂವರಿದ್ದರು. ಅರ್ಧ ಜನ ಸೋಮವಾರ ತಿಂದರು, ಅರ್ಧ ಜನ ಮಂಗಳವಾರ. ಈ ಸಲ ಶುಕ್ರವಾರ. ಅಜ್ಜಿ ಈಗಲೇ ಮುಖ ಗಂಟಿಕ್ಕಿದ್ದಾಳೆ.

ಚಕ್ಕುಲಿಶಾಸ್ತ್ರಿ:
ಶುಕ್ರವಾರವೂ ಬೇಡ, ಶನಿವಾರವೂ ಬೇಡ ಎಂದರೆ ಭಾನುವಾರದ ಹೊತ್ತಿಗೆ ಹೊಸತೊಡಕು ಹಳೆಯದಾಗಿರುತ್ತದೆ.

ನಿಯಂತ್ರಕ:
ಹೊಸತೊಡಕಿಗೆ ಬೇರೆಯೇ ಎಳೆ ತೆರೆಯಿರಿ. ಇಲ್ಲಿ ಇಪ್ಪತ್ತೆರಡು ಜನ ಹಸಿದು ಕುಳಿತಿದ್ದಾರೆ.

ಗುಜ್ಜೆಪಲ್ಯ:
ನಾವು ಪುತ್ತೂರಿನವರು. ನಮ್ಮ ಯುಗಾದಿ ಏಪ್ರಿಲ್ ನಡುವೆ ಬರುತ್ತದೆ, ಬಿಸು ಹಬ್ಬ. ಹಣ್ಣು, ತರಕಾರಿ, ಕನ್ನಡಿ ಜೋಡಿಸಿದ ಕಣಿ ಇಟ್ಟು ಬೆಳಿಗ್ಗೆ ಎದ್ದೊಡನೆ ನೋಡುತ್ತೇವೆ. ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಗುಜ್ಜೆ ಅಂದರೆ ಎಳೆ ಹಲಸಿನ ಪಲ್ಯ, ಹೆಸರುಬೇಳೆ ಪಾಯಸ, ಇಷ್ಟರಲ್ಲೇ ಹಬ್ಬ ಮುಗಿಯುತ್ತದೆ. ಹತ್ತೊಂಬತ್ತು ಬಗೆಯ ಪಟ್ಟಿ ನೋಡಿ ನನಗೆ ಮದುವೆ ಮನೆ ನೆನಪಾಯಿತು. ಅತ್ತೆಯ ಪಟ್ಟಿಯಿಂದ ತೆಗೆಯಲು ಭಯವಾದರೆ ಹೀಗೆ ಮಾಡಿ: ಆಲೂಗಡ್ಡೆ ಪಲ್ಯ, ಹುಳಿ, ಕಡಲೆಬೇಳೆ ಕೋಸಂಬರಿ ಈ ಮೂರನ್ನು ಬಿಡಿ. ಒಬ್ಬಟ್ಟಿನ ಸಾರೂ ಮಜ್ಜಿಗೆ ಹುಳಿಯೂ ಇರುವಾಗ ಇನ್ನೊಂದು ಹುಳಿಗೆ ಎಲೆಯಲ್ಲಿ ಜಾಗವೆಲ್ಲಿದೆ?

ಕಾವೇರಿತೀರ:
ಸರಿಯಾದ ಮಾತು. ಸಂಡಿಗೆಯನ್ನೂ ಬಿಡಬಹುದು, ಹಪ್ಪಳ ಇದೆಯಲ್ಲ.

ನೆಲ್ಲಿಕಾಯಿ:
ಸಂಡಿಗೆ ಬಿಡುವಂತಿಲ್ಲ. ಕಳೆದ ಬೇಸಿಗೆಯಲ್ಲಿ ಅತ್ತೆಯೇ ಮಹಡಿಯ ಮೇಲೆ ಒತ್ತಿ ಒಣಗಿಸಿದ ಅರಳು ಸಂಡಿಗೆ ಅದು. ಈ ವರ್ಷದ ಎಲೆಯ ಮೇಲೆ ಅವರ ಕೈಯದು ಎಂದಿರುವುದು ಅದೊಂದೇ.

ಕಾವೇರಿತೀರ:
ಹಾಗಿದ್ದರೆ ಅಂಗಡಿಯ ಹಪ್ಪಳ ಬಿಡಿ, ಸಂಡಿಗೆ ಇರಲಿ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಹಿಮದೂರು:
ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ಗುರುವಾರ ಯಾರಿಗೂ ರಜೆಯಿಲ್ಲ, ಹಬ್ಬ ಶನಿವಾರಕ್ಕೆ ಹೋಗುತ್ತದೆ. ಮಾರ್ಚಿನಲ್ಲಿ ಹೊರಗೆ ಇನ್ನೂ ಕೋಟು ತೊಡುವ ಚಳಿ. ಬೇವಿನ ಹೂ ಎಲ್ಲಿಂದ ಬರಬೇಕು? ಊರಿಂದ ಅಮ್ಮ ಒಣಗಿಸಿ ಕಳಿಸಿದ ಹೂವನ್ನು ಡಬ್ಬಿಯಲ್ಲಿಟ್ಟು ವರ್ಷಕ್ಕೆ ಒಂದು ಚಿಟಿಕೆಯಂತೆ ಬಳಸುತ್ತೇವೆ.

ಒಂದು ಎಚ್ಚರಿಕೆ ಕೊಡಬೇಕು. ಹೋದ ವರ್ಷ ಬೇಳೆ ಬಸಿಯುವ ಹೊತ್ತಿಗೆ ನನಗೆ ಊರಿಂದ ದೂರವಾಣಿ ಕರೆ ಬಂತು. ಮಾತನಾಡುತ್ತಲೇ ಗಂಡನಿಗೆ ‘ಅದನ್ನು ಬಸಿದುಬಿಡಿ’ ಎಂದೆ. ಅವರು ಬಸಿದರು. ಜಾಲರಿ ಇಟ್ಟು, ಬೇಳೆ ಒಂದು ಕಾಳೂ ಹೋಗದಂತೆ ಜೋಪಾನವಾಗಿ, ಕಟ್ಟನ್ನೆಲ್ಲ ಸಿಂಕಿಗೆ ಬಸಿದರು. ಪಾಸ್ತಾ ಬಸಿಯುವುದು ಹಾಗೆಯೇ ತಾನೇ? ಅವರ ತಪ್ಪೇನೂ ಇಲ್ಲ. ಆ ದಿನ ಒಬ್ಬಟ್ಟಿಗೆ ಟೊಮ್ಯಾಟೊ ಸಾರು. ಕಟ್ಟಿನ ಪಾತ್ರೆಯ ಮೇಲೆ ಚೀಟಿ ಅಂಟಿಸಿ.

ತೆಂಗಿನಗರಿ:
‘ಸಾರಿಗೆ, ಮುಟ್ಟಬೇಡಿ’ ಎಂದು ಬರೆದರೂ ನಮ್ಮ ಮನೆಯವರು ರುಚಿ ನೋಡುವ ನೆಪದಲ್ಲಿ ಕುಡಿಯುತ್ತಾರೆ.

ಹೊಸಬಳು:
ನನಗೊಂದು ಸಂದೇಹ. ಹೂರಣ ರುಬ್ಬಿದ ಮೇಲೆ ನೀರಾಗಿಬಿಟ್ಟರೆ ಏನು ಮಾಡುವುದು? ಗೌರಿ ಹಬ್ಬದಲ್ಲಿ ನನ್ನದು ದೋಸೆ ಹಿಟ್ಟಿನಂತಾಗಿತ್ತು.

ಸೌಟು:
ಕುಕ್ಕರಿನಲ್ಲಿ ಕೂಗಿಸಿರುತ್ತೀರಿ. ಹೂರಣದ ಬೇಳೆಯನ್ನು ತೆರೆದ ಪಾತ್ರೆಯಲ್ಲಿ, ಮುಳುಗಿ ಮಿಗುವಷ್ಟು ನೀರಿಟ್ಟು, ಒಂದು ತೊಟ್ಟು ಎಣ್ಣೆ, ಚಿಟಿಕೆ ಅರಿಸಿನ ಹಾಕಿ ಬೇಯಿಸಬೇಕು. ಕಾಳು ಕಾಳಾಗಿ ಕಾಣಬೇಕು, ಎರಡು ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು. ಆ ಹದದಲ್ಲಿ ಬಸಿದು, ಹತ್ತು ನಿಮಿಷ ಜಾಲರಿಯಲ್ಲೇ ಬಿಡಬೇಕು. ಅವಸರ ಮಾಡಿ ಬೆಲ್ಲ ಹಾಕಿದರೆ, ಬೆಲ್ಲ ತಾನೂ ನೀರು ಬಿಡುತ್ತದೆ, ಬೇಳೆಯ ನೀರೂ ಸೇರುತ್ತದೆ. ಬೆಲ್ಲ ಸೇರಿದ ಮೇಲೆ ಮತ್ತೆ ಒಲೆಗಿಟ್ಟು, ಸೌಟು ನೆಟ್ಟರೆ ಬೀಳದಂತೆ ನಿಲ್ಲುವವರೆಗೆ ಮಗುಚಿ, ಆರಿದ ಮೇಲೆ ರುಬ್ಬಿ. ರುಬ್ಬುವಾಗ ಒಂದು ಹನಿ ನೀರೂ ಬೇಡ.

ಆಗಲೇ ನೀರಾಗಿದ್ದರೆ ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮಗುಚುತ್ತಾ ಕುಳಿತುಕೊಳ್ಳಿ. ಹುರಿಗಡಲೆ ಹಿಟ್ಟು ಬೆರೆಸುವವರಿದ್ದಾರೆ, ಕೆಲಸವಾಗುತ್ತದೆ, ರುಚಿ ಒಂದು ಮೆಟ್ಟಿಲು ಇಳಿಯುತ್ತದೆ.

ಮಲಪ್ರಭೆ:
ಈ ಒಂದು ವಿಷಯದಲ್ಲಿ ಸೌಟು ಅವರು ಹೇಳಿದ್ದು ಪೂರ್ತಿ ಸರಿ. ಬೇಳೆ ಯಾವುದಾದರೂ ಇರಲಿ.

ಅರ್ಧಶೇರು:
ಇಷ್ಟೆಲ್ಲ ಯಾಕೆ? ಬೀದಿಗೊಂದು ಹೋಳಿಗೆ ಅಂಗಡಿ ಇದೆ. ಅರವತ್ತು ಹೇಳಿಬಿಡಿ, ಬಂದು ಬೀಳುತ್ತವೆ.

ದೇವರಾಜಪೇಟೆ:
ಹೇಳಿದ್ದೆ. ಎರಡು ವರ್ಷದ ಹಿಂದೆ, ಮುಂಗಡ ಕೊಟ್ಟು, ಹನ್ನೊಂದು ಗಂಟೆಗೆ ಬೇಕೆಂದು. ಬಂದದ್ದು ಮಧ್ಯಾಹ್ನ ಮೂರಕ್ಕೆ, ಅರವತ್ತರಲ್ಲಿ ನಲವತ್ತು, ಅದರಲ್ಲೂ ಹದಿನೈದು ಕಾಯಿ ಹೋಳಿಗೆ. ಎಲೆಯ ಮುಂದೆ ಕುಳಿತ ನಮ್ಮ ಮಾವ ಮೊಸರನ್ನದವರೆಗೂ ಬಾಗಿಲು ನೋಡುತ್ತಲೇ ಊಟ ಮಾಡಿದರು. ಅಲ್ಲದೆ ಅಂಗಡಿಯ ಹೋಳಿಗೆಗೆ ಕಟ್ಟು ಎಲ್ಲಿಂದ ಬರುತ್ತದೆ? ಸಾರಿಲ್ಲದ ಒಬ್ಬಟ್ಟು ಬಂದರೇನು, ಬಿಟ್ಟರೇನು.

ಅರ್ಧಶೇರು:
ಸಾರಿಗೆ ಬೇರೆ ಬೇಳೆ ಬೇಯಿಸಿಕೊಂಡರಾಯಿತು. ಕಚೇರಿಯಿಂದ ಸಂಜೆ ಆರಕ್ಕೆ ಬರುವವರಿಗೆ ಒರಳು ತಿರುವಿ ಎನ್ನುವುದು ಸುಲಭ. ಇಲ್ಲಿ ಸಲಹೆ ಕೊಡುತ್ತಿರುವವರಲ್ಲಿ ಎಷ್ಟು ಜನ ಹಬ್ಬದ ದಿನ ಒಲೆಯ ಮುಂದೆ ನಿಲ್ಲುತ್ತೀರಿ?

ಎಲೆಅಡಿಕೆ:
ಅರ್ಧಶೇರು ಅವರ ಪ್ರಶ್ನೆಗೆ ನನ್ನದೂ ಒಂದು ಸೇರಿಸುತ್ತೇನೆ. ಪಟ್ಟಿ ನೋಡಿದೆ, ಬೇಳೆಯ ಲೆಕ್ಕ ನೋಡಿದೆ. ಬಡಿಸುವವರು ಯಾರು? ನೆಲ್ಲಿಕಾಯಿ ಅವರು ಯಾವ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾರೆ?

ನನಗೆ ಅರವತ್ತೆಂಟು. ಇಪ್ಪತ್ತಾರು ವರ್ಷ ನಾನು ಯುಗಾದಿಯ ಊಟ ಮಾಡಿದ್ದು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ಮೂರೂವರೆಗೆ. ಅಷ್ಟು ಹೊತ್ತಿಗೆ ಕೋಸಂಬರಿ ನೀರು ಬಿಟ್ಟಿರುತ್ತಿತ್ತು, ಆಂಬೊಡೆ ಮುಗಿದಿರುತ್ತಿತ್ತು. ಒಬ್ಬಟ್ಟು ಇರುತ್ತಿತ್ತು, ಹರಿದವು. ಚೆನ್ನಾಗಿ ಬಂದದ್ದನ್ನು ಎಲೆಗೆ ಹಾಕಿ ಹರಿದದ್ದನ್ನು ಪಕ್ಕಕ್ಕಿಡುತ್ತಿದ್ದವಳೂ ನಾನೇ, ಯಾರೂ ಹೇಳಿರಲಿಲ್ಲ. ನನ್ನ ಸೊಸೆ ಬಂದ ಮೊದಲ ವರ್ಷ, ಅವಳು ಹರಿದದ್ದನ್ನು ಬೇರೆ ತಟ್ಟೆಗೆ ಹಾಕಿಕೊಳ್ಳುವುದನ್ನು ನೋಡಿದೆ. ತಟ್ಟೆ ಕಿತ್ತುಕೊಂಡು ಅದನ್ನು ನನ್ನ ಮಗನ ಎಲೆಗೆ ಬಡಿಸಿದೆ. ಅವನಿಗೆ ಇಂದಿಗೂ ಕಾರಣ ಗೊತ್ತಿಲ್ಲ, ಹರಿದದ್ದೇ ಚೆನ್ನಾಗಿರುತ್ತದೆ ಎನ್ನುತ್ತಾನೆ.

ಚಕ್ಕುಲಿಶಾಸ್ತ್ರಿ:
ಅಮ್ಮಾ, ಹರಿದದ್ದು ನಿಜವಾಗಿಯೂ ಚೆನ್ನಾಗಿರುತ್ತದೆ. ಹೂರಣ ಹೊರಬಂದು ಕಾವಲಿಗೆ ತಾಗಿ ಕೆಂಪಾಗಿರುತ್ತದೆಯಲ್ಲ, ಅದು.

ಮೈಸೂರಜ್ಜ:
ನಮ್ಮ ಮನೆಯಲ್ಲಿ ಗಂಡಸರೇ ಬಡಿಸುವುದು ಮೊದಲಿನಿಂದಲೂ. ಬಡಿಸುವುದೂ ಒಂದು ವಿದ್ಯೆ. ಎಲೆಯ ಕಿರಿದಾದ ತುದಿ ಊಟ ಮಾಡುವವರ ಎಡಕ್ಕೆ ಬರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲೆಯ ಮೇಲಿನ ಅರ್ಧದಲ್ಲಿ, ಅನ್ನ ಕೆಳಗೆ. ಮೊದಲು ತೊವ್ವೆ, ತುಪ್ಪ, ಆಮೇಲೆ ಸಾರು. ಈಗಿನ ಹುಡುಗರು ಎಲೆಯನ್ನು ಹೇಗೆ ಬೇಕಾದರೂ ಹಾಕಿ, ಸಾರನ್ನು ಮೊದಲೇ ಸುರಿದು, ಅದು ಓಡಿ ಒಬ್ಬಟ್ಟನ್ನು ಮುಳುಗಿಸಿದ ಮೇಲೆ ಕೈಚೆಲ್ಲಿ ನಿಲ್ಲುತ್ತಾರೆ.

ಎಲೆಅಡಿಕೆ:
ಗಂಡಸರು ಬಡಿಸುತ್ತಾರೆ ಎಂದಿರಿ. ಎಲೆ ಎತ್ತುವವರು ಯಾರು?

ಮೈಸೂರಜ್ಜ:
ಅದಕ್ಕೆ ಉತ್ತರ ಕೊಟ್ಟರೆ ನನ್ನ ಮನೆಯವರೂ ಓದುತ್ತಾರೆ.

ಕಾವೇರಿತೀರ:
ಕೋಸಂಬರಿ ನೀರು ಬಿಟ್ಟದ್ದಕ್ಕೆ: ಬೇಳೆ ನೆನೆಸಿ ಬಸಿದಿಟ್ಟುಕೊಳ್ಳಿ, ಸೌತೆಕಾಯಿ ಹೆಚ್ಚಿ ಬೇರೆ ಇಡಿ, ಉಪ್ಪು, ನಿಂಬೆರಸ ಬಡಿಸುವ ಐದು ನಿಮಿಷ ಮುಂಚೆ. ಒಗ್ಗರಣೆ ಬೇಕಾದರೆ ಮೊದಲೇ ಹಾಕಬಹುದು.

ಹೊಸಬಳು:
ಬೇವು-ಬೆಲ್ಲದಲ್ಲಿ ಎಷ್ಟು ಬೇವು, ಎಷ್ಟು ಬೆಲ್ಲ?

ಮಲಪ್ರಭೆ:
ನಮ್ಮಲ್ಲಿ ಬೇವು ಎಂದರೆ ಕುಡಿಯುವುದು. ಹುಣಸೆಹಣ್ಣಿನ ನೀರು, ಬೆಲ್ಲ, ಪುಟಾಣಿ ಹಿಟ್ಟು, ಗೋಡಂಬಿ, ದ್ರಾಕ್ಷಿ, ಮೇಲೆ ಬೇವಿನ ಹೂ. ಮಕ್ಕಳು ಎರಡನೆಯ ಲೋಟ ಕೇಳುತ್ತಾರೆ. ದಕ್ಷಿಣದವರ ಬೇವು-ಬೆಲ್ಲವನ್ನು ಮಕ್ಕಳು ಮೂಗು ಹಿಡಿದು ನುಂಗುತ್ತಾರೆ.

ತೆಂಗಿನಗರಿ:
ನಮ್ಮ ಮನೆಯ ಅಳತೆ: ದೊಡ್ಡವರ ಮುಂದೆ ಅರ್ಧಕ್ಕರ್ಧ, ಅವರು ಆಚೆ ಹೋದ ಮೇಲೆ ಬರೀ ಬೆಲ್ಲ. ಈ ವರ್ಷ ಸ್ವಲ್ಪ ಹೆಚ್ಚು ಬೆಲ್ಲ ಹಾಕಿ. ವಿಶ್ವಾವಸು ಮುಗಿದು ಬರುತ್ತಿರುವ ಸಂವತ್ಸರದ ಹೆಸರೇ ಪರಾಭವ.

ಮೈಸೂರಜ್ಜ:
ಹೆಸರಿಗೆ ಹೆದರಬೇಡಿ. ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಹಿಂದಿನ ಪರಾಭವದಲ್ಲಿ, ಅಂದರೆ 1966ರಲ್ಲಿ, ನಾನು ಒಂದನೆಯ ತರಗತಿ ಪಾಸಾಗಿದ್ದೆ.

ನೆಲ್ಲಿಕಾಯಿ:
ಎಲ್ಲ ಓದಿ, ಅತ್ತೆಯ ಮುಂದೆ ಹಾಳೆ ಇಟ್ಟೆ. ಕಡಲೆಬೇಳೆ ಕೋಸಂಬರಿ, ಆಲೂಗಡ್ಡೆ ಪಲ್ಯ, ಹುಳಿ, ಹಪ್ಪಳ ಈ ನಾಲ್ಕರ ಮೇಲೆ ಅವರೇ ಗೀಟು ಎಳೆದರು. ಅನಾನಸ್ ಗೊಜ್ಜಿನ ಮೇಲೆ ಪೆನ್ನು ನಿಂತಿತು, ಆಮೇಲೆ ಮುಂದೆ ಹೋಯಿತು. ಇರಲಿ, ಅದನ್ನು ಬುಧವಾರ ರಾತ್ರಿಯೇ ಮಾಡಿಡಬಹುದು. ಎರಡು ಬಗೆಯ ಹೋಳಿಗೆಗೆ ಒಪ್ಪಿದರು, ಆದರೆ ‘ನಿಮ್ಮಮ್ಮನದನ್ನು ನಿಮ್ಮಮ್ಮನೇ ಮಾಡಲಿ’ ಎಂದರು. ಇದು ಕೋಪವೋ ಸೌಜನ್ಯವೋ ತಿಳಿಯಲಿಲ್ಲ.

ಬುಧವಾರ ರಾತ್ರಿ: ಎರಡು ಹೂರಣ, ಕಟ್ಟು, ಗೊಜ್ಜು, ಕಾಯಿ ತುರಿಯುವುದು, ಮಾವಿನಕಾಯಿ ತುರಿಯುವುದು. ಬೆಳಿಗ್ಗೆ ಐದೂವರೆಗೆ ಕಣಕ. ಗಂಡ ಬಡಿಸುತ್ತಾರೆ. ಎಲೆಯನ್ನೂ ಅವರೇ ಎತ್ತುತ್ತಾರೆ, ಎಲೆಅಡಿಕೆ ಅಮ್ಮನ ಬರಹ ಓದಿಸಿದ್ದೇನೆ.

ಸೌಟು:
ಕಾವಲಿ ಎರಡು ಇಡಿ. ಮರೆಯಬೇಡಿ.

ಬೀಗರೂಟ:
ಶುಕ್ರವಾರಕ್ಕೆ ಏನು?

ನಿಯಂತ್ರಕ:
ಬೀಗರೂಟ ಅವರೇ.

ನೆಲ್ಲಿಕಾಯಿ:
ಹಬ್ಬ ಮುಗಿಯಿತು. ಇವತ್ತು ಶನಿವಾರ, ಈಗ ಬೆನ್ನು ನೆಟ್ಟಗಾಗಿದೆ. ಕೇಳಿದವರಿಗಾಗಿ ನಡೆದದ್ದನ್ನು ಬರೆಯುತ್ತೇನೆ.

ಕಾವಲಿ ಎರಡಿಟ್ಟಿದ್ದೆವು. ಏಳಕ್ಕೆ ಶುರುವಾದದ್ದು ಎಂಟೂಮುಕ್ಕಾಲಿಗೆ ಮುಗಿಯಿತು. ಅಮ್ಮ ಲಟ್ಟಣಿಗೆ ಹಿಡಿದು ಒಂದು ಒಲೆಯ ಮುಂದೆ, ನಾನು ಬಾಳೆ ಎಲೆಯ ಮೇಲೆ ತಟ್ಟುತ್ತಾ ಇನ್ನೊಂದರ ಮುಂದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲನ್ನು ಒಂದು ಸ್ಟೂಲಿನ ಮೇಲಿಟ್ಟು ಕುಳಿತಿದ್ದರು. ಮೊದಲ ಅರ್ಧ ಗಂಟೆ ಯಾರೂ ಮಾತನಾಡಲಿಲ್ಲ. ಆಮೇಲೆ ಅತ್ತೆ ‘ಅಷ್ಟು ತೆಳ್ಳಗೆ ಹೇಗೆ ಹರಿಯದೆ ಬರುತ್ತದೆ?’ ಎಂದು ಕೇಳಿದರು. ಅಮ್ಮ ಲಟ್ಟಣಿಗೆಯನ್ನು ಒತ್ತಬಾರದು, ಬರೀ ಉರುಳಿಸಬೇಕು ಎಂದು ತೋರಿಸಿದಳು. ಅತ್ತೆ ಕುರ್ಚಿಯಲ್ಲೇ ಮಣೆ ಇಟ್ಟುಕೊಂಡು ಒಂದು ಮಾಡಿದರು. ಅದು ಹರಿಯಿತು. ಆ ಹರಿದ ಹೋಳಿಗೆಯನ್ನು ಇಬ್ಬರೂ ಅಲ್ಲಿಯೇ ಅರ್ಧರ್ಧ ತಿಂದರು, ನೈವೇದ್ಯಕ್ಕೂ ಮುಂಚೆ. ಮಾವನವರಿಗೆ ಗೊತ್ತಿಲ್ಲ.

ಕೆಟ್ಟದ್ದೂ ಇದೆ. ಆಂಬೊಡೆಯ ಬೇಳೆಯನ್ನು ಮಿಕ್ಸಿಯಲ್ಲಿ ಹೆಚ್ಚು ತಿರುವಿದೆ, ಎಣ್ಣೆಯಲ್ಲಿ ಬಿಡಿಬಿಡಿಯಾಯಿತು. ಗಂಡ ಸಾರನ್ನು ತೊವ್ವೆಗಿಂತ ಮೊದಲು ತಂದು ಚಿಕ್ಕಮಾವನಿಂದ ಬೈಸಿಕೊಂಡರು. ಸಕ್ಕರೆ ಕಾಯಿಲೆಯ ಮಾವನವರು ಒಂದೇ ಎಂದು ಹೇಳಿ ಕುಳಿತು, ಎರಡು ಬೇಳೆಗೆ ಎರಡು ನ್ಯಾಯ ಸಲ್ಲದು ಎಂದು ಎರಡನೆಯದನ್ನೂ ತಿಂದರು. ಹೋಳಿಗೆ ಅರವತ್ತೊಂದು ಬಂದಿತ್ತು, ಕಟ್ಟಿಕೊಡಲು ಮಿಕ್ಕದ್ದು ನಾಲ್ಕು. ನಾದಿನಿ ನಾಲ್ಕನ್ನೂ ತೆಗೆದುಕೊಂಡು ಹೋದಳು, ಓರಗಿತ್ತಿ ನೋಡುತ್ತಾ ನಿಂತಳು. ಅದರ ಮುಂದಿನ ಕಥೆ ಇನ್ನೂ ಬರಬೇಕಾಗಿದೆ.

ನಾನು ಮೊದಲ ಪಂಕ್ತಿಯಲ್ಲೇ ಕುಳಿತೆ. ಕುಳಿತ ಮೇಲೂ ಎರಡು ಸಲ ಏಳಲು ಹೋದೆ, ಎರಡು ಸಲವೂ ಅತ್ತೆ ಸೆರಗು ಹಿಡಿದು ಕೂರಿಸಿದರು.

ಎಲೆಅಡಿಕೆ:
ಓದಿದೆ ಮಗಳೇ.

ಸೌಟು:
ಆಂಬೊಡೆಯ ಬೇಳೆಯನ್ನು ನೀರು ಹಾಕದೆ, ತಿರುವಿ ನಿಲ್ಲಿಸಿ ತಿರುವಿ ನಿಲ್ಲಿಸಿ ಒಡೆಯಬೇಕು. ಒಂದು ಹಿಡಿ ಬೇಳೆ ಇಡಿಯಾಗಿಯೇ ಎತ್ತಿಟ್ಟು ಕೊನೆಗೆ ಬೆರೆಸಿ. ಬರೆಯಬೇಕಿತ್ತು, ನನ್ನದೇ ತಪ್ಪು.

ಗುಜ್ಜೆಪಲ್ಯ:
ಎಲ್ಲ ಬರೆದಿರಿ, ಮಜ್ಜಿಗೆ ಹುಳಿಯ ಸುದ್ದಿಯೇ ಇಲ್ಲವಲ್ಲ?

ನೆಲ್ಲಿಕಾಯಿ:
ಅದನ್ನು ಬಡಿಸಲೇ ಇಲ್ಲ. ಇಂಡಕ್ಷನ್ ಒಲೆಯ ಮೇಲೆ ಮುಚ್ಚಿಟ್ಟದ್ದು ಎಲ್ಲರಿಗೂ ಮರೆತುಹೋಗಿತ್ತು. ಪಕ್ಕದ ಮನೆಯವರು ರಾತ್ರಿ ಒಲೆ ವಾಪಸ್ಸು ಕೇಳಲು ಬಂದಾಗ ಸಿಕ್ಕಿತು. ಬಿಸಿಮಾಡಿ ಅರ್ಧ ಅವರಿಗೇ ಕೊಟ್ಟೆ.